ಕಂಬದ ಕಲ್ಲಿನ ಮೇಲೊಂದು ತೆಂಗಿನ ತೋಪು

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಿಗೆ ಸಮುದ್ರ ನೆನಪಾಗಬೇಕಾದ ಕಾರಣವೇನೂ ಇಲ್ಲ. ಒಂದು ಕಡೆ ತಿಪಟೂರು, ಒಂದು ಕಡೆ ತುರುವೇಕೆರೆ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ. ಯಾವ ದಿಕ್ಕಿಗೆ ಹೋದರೂ ತೆಂಗು, ತೆಂಗು ಮುಗಿದಲ್ಲಿ ರಾಗಿ ಹೊಲ, ಹೊಲ ಮುಗಿದಲ್ಲಿ ಮತ್ತೆ ತೆಂಗು. ಆದರೂ ಈ ಕ್ರಾಸಿನಲ್ಲಿ ಹಾದುಹೋಗುವ ಹೆದ್ದಾರಿಯ ಇನ್ನೊಂದು ತುದಿ ಕಡಲಿನಲ್ಲೇ ಇತ್ತು. ಹಳೆಯ 206ನೇ ನಂಬರಿನ ರಸ್ತೆ ತುಮಕೂರಿನಲ್ಲಿ ಹೊರಟು ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲಿ ನಿಲ್ಲುತ್ತಿತ್ತು. ಈಗ ನಂಬರು ಬದಲಾಗಿದೆ, ರಸ್ತೆ ಅಗಲವಾಗಿದೆ. ಕಡಲು ಮಾತ್ರ ಇದ್ದಲ್ಲೇ ಇದೆ.

ಆ ಕಡಲಿನೊಳಗೆ, ದಂಡೆಯಿಂದ ಸ್ವಲ್ಪ ದೂರದಲ್ಲಿ, ಕರ್ನಾಟಕಕ್ಕೆ ಸೇರಿದ ಪುಟ್ಟ ಪುಟ್ಟ ಬಂಡೆದ್ವೀಪಗಳಿವೆ. ಹೊನ್ನಾವರದ ಎದುರಿಗೆ ಹಳೆಯ ಕೋಟೆಯಿರುವ ಬಸವರಾಜ ದುರ್ಗ. ಮುರುಡೇಶ್ವರದಾಚೆ ಹವಳದ ನಡುವೆ ಮುಳುಗುಗಾರರು ಈಜುವ, ನೌಕಾಪಡೆ ಗುರಿ ಅಭ್ಯಾಸ ಮಾಡಿದ ನೇತ್ರಾಣಿ. ನಮ್ಮ ಸೀಮೆಯವರ ಕುತೂಹಲ ಕೆರಳಿಸಬೇಕಾದದ್ದು ಇವೆರಡಕ್ಕಿಂತ ಹೆಚ್ಚಾಗಿ ಉಡುಪಿಯ ಮಲ್ಪೆಯ ಎದುರಿನ ಗುಂಪು. ಸರ್ಕಾರಿ ದಾಖಲೆಯಲ್ಲಿ ಅದು ಸೇಂಟ್ ಮೇರೀಸ್ ದ್ವೀಪಗಳು, ಊರವರ ಬಾಯಲ್ಲಿ ತೋನ್ಸೆಪಾರ್. ಅದರಲ್ಲಿ ಜನ ಹೋಗಿಬರುವ ದ್ವೀಪಕ್ಕೆ ಇರುವ ಇನ್ನೊಂದು ಹೆಸರು ತೆಂಗಿನ ದ್ವೀಪ. ಮಣ್ಣೇ ಕಾಣದ ಬಂಡೆಯ ಮೇಲೆ ತೆಂಗು ಹೇಗೆ ಬಂತು ಎಂಬ ಪ್ರಶ್ನೆ ತೋಟದವರಿಗೆ ಸಹಜ. ಉತ್ತರ ಹುಡುಕುತ್ತ ಹೋದರೆ ಮಡಗಾಸ್ಕರ್, ಪೋರ್ಚುಗಲ್, ಕೆರಿಬಿಯನ್ ಸುತ್ತಿ ಕೊನೆಗೆ ನಮ್ಮ ತೋಟದ ಹರಳುಕಾಯಿಗೇ ಬರಬೇಕಾಗುತ್ತದೆ.

ದ್ವೀಪಗಳು ಮುಖ್ಯವಾಗಿ ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. ದಂಡೆಗೆ ಸಮಾನಾಂತರವಾಗಿ, ಉತ್ತರ ದಕ್ಷಿಣವಾಗಿ, ಬಿಡಿಬಿಡಿಯಾಗಿ ನಿಂತಿವೆ. ಮಲ್ಪೆ ಬಂದರಿನಿಂದ ದೋಣಿಯಲ್ಲಿ ಸುಮಾರು 6 ಕಿ.ಮೀ. ತೆಂಗಿನ ದ್ವೀಪದ ಉದ್ದ 500 ಮೀಟರ್, ಅಗಲ 100 ಮೀಟರ್ ಆಸುಪಾಸು. ಎಕರೆ ಲೆಕ್ಕದಲ್ಲಿ ನೋಡಿದರೆ ನಮ್ಮ ಕಡೆಯ ಒಬ್ಬ ಅನುಕೂಲಸ್ಥರ ತೋಟಕ್ಕಿಂತ ದೊಡ್ಡದಲ್ಲ. ನೆತ್ತಿ ಸಮುದ್ರಮಟ್ಟದಿಂದ 10 ಮೀಟರ್ ಮೇಲೆ. ಮನೆಯಿಲ್ಲ, ವಾಸವಿಲ್ಲ.

ದೋಣಿ ಹತ್ತಿರವಾದಂತೆ ಮೊದಲು ಕಾಣುವುದು ತೆಂಗಿನ ತಲೆಗಳು, ಆಮೇಲೆ ಕಲ್ಲು. ಕಲ್ಲು ಕಂಡ ಮೇಲೆ ತೆಂಗಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಐದು ಮೂಲೆಯವು, ಆರು ಮೂಲೆಯವು, ಏಳು ಮೂಲೆಯವು, ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳು. ಕೆಲವು ನೆಟ್ಟಗೆ, ಕೆಲವು ವಾಲಿಕೊಂಡು, ಕೆಲವು ಬುಡದಲ್ಲಿ ಮುರಿದು ಅಡ್ಡಡ್ಡ ಬಿದ್ದು. ಎತ್ತರದವು 6 ಮೀಟರ್‌ವರೆಗೂ ಇವೆ. ಉಳಿ ಹಿಡಿದವರ ಕೆಲಸವೆಂದು ನೋಡಿದವರಿಗೆ ಅನ್ನಿಸದಿದ್ದರೆ ಅದೇ ಆಶ್ಚರ್ಯ. ಪ್ರವಾಸಿಗರಿಗೆ ಕಥೆ ಹೇಳುವವರು ಇದನ್ನು ಯಾವುದೋ ಕಾಲದ ದೇವಸ್ಥಾನ ಮಾಡದೆ ಬಿಟ್ಟಿರುವುದೇ ದೊಡ್ಡದು.

ಇದನ್ನು ಕೆತ್ತಿದ್ದು ತಂಪು. ನೆಲದ ಬಿರುಕಿನಿಂದ ಮೇಲೆ ಬಂದ ಕಲ್ಲಿನ ಪಾಕ ಹರಡಿ ನಿಂತು ಆರತೊಡಗಿದಾಗ ಕುಗ್ಗುತ್ತದೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಬಿಸಿ. ಕುಗ್ಗುವ ಪದರಕ್ಕೆ ಎಲ್ಲ ಕಡೆಯಿಂದಲೂ ಒಂದೇ ಸಮನೆ ಎಳೆತ. ಆ ಎಳೆತವನ್ನು ಕಡಿಮೆ ಖರ್ಚಿನಲ್ಲಿ ತೀರಿಸುವ ದಾರಿಯೆಂದರೆ ಮೂರು ಬಿರುಕುಗಳು 120 ಡಿಗ್ರಿಯ ಕೋನದಲ್ಲಿ ಒಂದು ಬಿಂದುವಿನಲ್ಲಿ ಸೇರುವುದು. ಹಾಗೆ ಸೇರುತ್ತ ಹೋದರೆ ಆರು ಮೂಲೆಯ ಜಾಲ ತಾನಾಗಿಯೇ ಮೂಡುತ್ತದೆ. ಬೇಸಿಗೆಯಲ್ಲಿ ನೀರಿಂಗಿದ ಕೆರೆಯಂಗಳದ ಜೇಡಿ ಬಿರಿಯುವುದೂ ಹೀಗೆಯೇ. ಕೆರೆಯ ಬಿರುಕು ಗೇಣುದ್ದಕ್ಕೆ ನಿಲ್ಲುತ್ತದೆ, ಇಲ್ಲಿನದು ತಂಪು ಒಳಕ್ಕಿಳಿದಂತೆ ತಾನೂ ಇಳಿಯುತ್ತ ಕಂಬವನ್ನು ಉದ್ದ ಮಾಡುತ್ತದೆ. ಪಾಕ ನಿಧಾನವಾಗಿ ಆರಿದಷ್ಟೂ ಕಂಬ ದಪ್ಪ. ಕಂಬ ಯಾವಾಗಲೂ ಆರುವ ಮೈಗೆ ಲಂಬವಾಗಿ ನಿಲ್ಲುವುದರಿಂದ, ವಾಲಿದ ಕಂಬಗಳನ್ನು ನೋಡಿ ಆ ಪಾಕ ಯಾವ ಇಳಿಜಾರಿನಲ್ಲಿ ಹರಡಿತ್ತೆಂದು ಭೂವಿಜ್ಞಾನಿಗಳು ಊಹಿಸುತ್ತಾರೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿ ಇಂಥ 40,000 ಕಂಬಗಳಿವೆ. 1986ರಲ್ಲೇ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ವಯಸ್ಸಿನಲ್ಲಿ ನಮ್ಮವೇ ಹಿರಿಯವು.

ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ. ಪ್ರವಾಸಿ ಕೈಪಿಡಿಗಳೂ ಪತ್ರಿಕೆಗಳೂ ಇದನ್ನು ಬಸಾಲ್ಟ್ ಎಂದೇ ಬರೆಯುತ್ತವೆ. ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ದಖನ್ನಿನ ಲಾವಾದ ತುದಿ ಎನ್ನುತ್ತಾರೆ. ಎರಡೂ ಸರಿಯಲ್ಲ. ದಖನ್ನಿನ ಲಾವಾ, ಅಂದರೆ ಬೆಳಗಾವಿ, ವಿಜಯಪುರ, ಬೀದರ್ ಕಡೆ ನೆಲಕ್ಕೆ ಹಾಸಿರುವ, ಗೋಳಗುಮ್ಮಟಕ್ಕೆ ಕಲ್ಲು ಕೊಟ್ಟ ಆ ಕಪ್ಪು ಬಂಡೆ, ಸುಮಾರು 6 ಕೋಟಿ 60 ಲಕ್ಷ ವರ್ಷ ಹಿಂದಿನದು. ಮಲ್ಪೆಯದು ಅದಕ್ಕಿಂತ ತುಂಬ ಹಳೆಯದು, ಜಾತಿಯೂ ಬೇರೆ. ಬಸಾಲ್ಟಿನಲ್ಲಿ ಸಿಲಿಕಾ ಅರ್ಧದಷ್ಟಿದ್ದರೆ ಇದರಲ್ಲಿ ಮುಕ್ಕಾಲಿಗೆ ಹತ್ತಿರ. ರಯೋಲೈಟ್, ರಯೋಡಸೈಟ್ ಎಂದು ಅದರ ಹೆಸರು. ಸಿಲಿಕಾ ಹೆಚ್ಚಿದ್ದಷ್ಟೂ ಪಾಕ ಅಂಟಂಟು, ದೂರ ಹರಿಯದೆ ಬಂದಲ್ಲೇ ಗುಡ್ಡೆಯಾಗುತ್ತದೆ. ಭೂವಿಜ್ಞಾನಿ ಸಿ. ನಾಗಣ್ಣ 1966ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಈ ದ್ವೀಪಗಳ ಶಿಲೆಗಳ ಬಗ್ಗೆ ಬರೆದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ 1975ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು.

ವಯಸ್ಸು ಎಷ್ಟು? ಕಲ್ಲಿನೊಳಗಿನ ಪೊಟ್ಯಾಸಿಯಂ ಸವೆದು ಆರ್ಗಾನ್ ಆಗುವ ಲೆಕ್ಕ ಹಿಡಿದು 1981ರಲ್ಲಿ ಬಂದ ಉತ್ತರ ಸುಮಾರು 9 ಕೋಟಿ 30 ಲಕ್ಷ ವರ್ಷ. 2000ದಲ್ಲಿ ಜಿರ್ಕಾನ್ ಎಂಬ ಸಾಸಿವೆಗಿಂತ ಸಣ್ಣ ಹರಳಿನಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದವರಿಗೆ ಸಿಕ್ಕಿದ್ದು 9 ಕೋಟಿ 12 ಲಕ್ಷ. ಮರುವರ್ಷ ಆರ್ಗಾನ್ ವಿಧಾನವನ್ನೇ ಇನ್ನಷ್ಟು ನಾಜೂಕಾಗಿ ಮಾಡಿದವರು 8 ಕೋಟಿ 56 ಲಕ್ಷ ಎಂದರು. ಉಡುಪಿಯಲ್ಲಿ ಕೇಳಿದರೆ 8 ಕೋಟಿ 80 ಲಕ್ಷ ಎಂಬ ನಡುವಿನ ಸಂಖ್ಯೆ ಕೇಳಿಸುತ್ತದೆ. ಕೋಟಿಗಳ ಲೆಕ್ಕದಲ್ಲಿ ಐವತ್ತು ಲಕ್ಷದ ಜಗ್ಗಾಟ ದೊಡ್ಡದೇನಲ್ಲ ಎನಿಸಬಹುದು, ಆದರೆ ವಿಜ್ಞಾನಿಗಳು ಅದಕ್ಕೇ ಗುದ್ದಾಡುವುದಕ್ಕೆ ಕಾರಣವಿದೆ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದದ್ದು ಸರಿಯಾಗಿ ಈ ಅವಧಿಯಲ್ಲಿ.

ಅಲ್ಲಿಯವರೆಗೆ ನಮ್ಮ ಪಶ್ಚಿಮ ಕರಾವಳಿ ಕರಾವಳಿಯೇ ಆಗಿರಲಿಲ್ಲ. ಮಲ್ಪೆಯ ಪಶ್ಚಿಮಕ್ಕೆ ಕಡಲಿನ ಬದಲು ಮಡಗಾಸ್ಕರಿನ ನೆಲವಿತ್ತು. ಕೆಳಗಿನಿಂದ ಬಿಸಿ ಉಕ್ಕಿ, ನೆಲ ಸೀಳಿ, ಸೀಳಿನುದ್ದಕ್ಕೂ ಲಾವಾ ಹೊರಬಂತು. ಮಡಗಾಸ್ಕರಿನ ಪೂರ್ವ ದಂಡೆಯಲ್ಲೂ ದಕ್ಷಿಣದಲ್ಲೂ ಅದೇ ಕಾಲದ ಲಾವಾ ಹೇರಳವಾಗಿದೆ. ನಮ್ಮ ಪಾಲಿಗೆ ಬಂದದ್ದು ಹೆಚ್ಚಾಗಿ ಮಲ್ಪೆಯ ಈ ತುಣುಕುಗಳು. ಆ ಬಿಸಿಯ ಉಕ್ಕುವಿಕೆಗೆ ಮೂಲವೆಂದು ಹೇಳುವ ಬಿಸಿಬಿಂದುವಿನ ಹೆಸರು ಮೇರಿಯನ್. ಅದು ಈಗ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮೇರಿಯನ್ ದ್ವೀಪದ ಅಡಿಯಲ್ಲಿದೆ. ಸೀಳಿದ ಮೇಲೆ ಭಾರತ ಈಶಾನ್ಯಕ್ಕೆ ಹೊರಟಿತು. ಒಂದು ಕಾಲದಲ್ಲಿ ವರ್ಷಕ್ಕೆ 15 ಸೆಂಟಿಮೀಟರಿಗೂ ಮಿಕ್ಕಿದ ವೇಗ, ಖಂಡಗಳ ಲೆಕ್ಕದಲ್ಲಿ ಅದು ಓಟವೇ. ಹೋಗಿ ಏಷ್ಯಾಕ್ಕೆ ಗುದ್ದಿದ್ದು, ಹಿಮಾಲಯ ಎದ್ದದ್ದು ಆಮೇಲಿನ ಮಾತು. ಇಂದು ಮಲ್ಪೆಗೂ ಮಡಗಾಸ್ಕರಿನ ಉತ್ತರ ತುದಿಗೂ ನಡುವೆ ಸುಮಾರು 4,000 ಕಿ.ಮೀ. ನೀರಿದೆ.

ಆ ಸೀಳಿನ ಪೆಟ್ಟು ದಂಡೆಗೆ ಮಾತ್ರ ಬಿದ್ದದ್ದಲ್ಲ. ನಮ್ಮ ಕಡೆ ಬಿಳಿ ಬಂಡೆಯ ನಡುವೆ ಉದ್ದಕ್ಕೆ ಗೋಡೆ ಕಟ್ಟಿದ ಹಾಗೆ ಹೋಗುವ ಕರಿಕಲ್ಲಿನ ಪಟ್ಟಿಗಳನ್ನು ರೈತರೆಲ್ಲ ಕಂಡಿರುತ್ತಾರೆ. ಬಾವಿ ತೋಡುವವರಂತೂ ಶಾಪ ಹಾಕಿರುತ್ತಾರೆ. ಹಳೆಯ ಬಿರುಕಿಗೆ ಕೆಳಗಿನಿಂದ ಲಾವಾ ನುಗ್ಗಿ ಹೆಪ್ಪುಗಟ್ಟಿದ್ದು ಅದು. ಬಹುಪಾಲು ಪಟ್ಟಿಗಳು ನೂರು ಕೋಟಿ, ಇನ್ನೂರು ಕೋಟಿ ವರ್ಷದವು. ಆದರೆ ಕರ್ನಾಟಕದ ಒಳನಾಡಿನ ಕೆಲವು ಪಟ್ಟಿಗಳು ಸುಮಾರು 9 ಕೋಟಿ ವರ್ಷದವೆಂದು, ಮೇರಿಯನ್ ಬಿಸಿಬಿಂದುವಿನ ಸಂತತಿಯೆಂದು 2001ರ ಅಧ್ಯಯನವೊಂದು ತೋರಿಸಿತು. ಅಂದರೆ ಮಡಗಾಸ್ಕರ್ ಕಳಚಿಕೊಂಡ ದಿನಗಳಲ್ಲಿ ಘಟ್ಟದ ಮೇಲಿನ ನೆಲದಲ್ಲೂ ಸಣ್ಣಪುಟ್ಟ ಬಿರುಕು ಬಿಟ್ಟಿದೆ. ಹಾಗೆಂದು ಕಿಬ್ಬನಹಳ್ಳಿಯ ಕಲ್ಲನ್ನು ಮಲ್ಪೆಯ ಕಲ್ಲಿನ ಸಮವಯಸ್ಕ ಮಾಡಬೇಕಾಗಿಲ್ಲ. ನಮ್ಮ ಕಾಲಡಿಯ ಬಿಳಿ ಬಂಡೆಗೆ 300 ಕೋಟಿ ವರ್ಷ. ಚಿಕ್ಕನಾಯಕನಹಳ್ಳಿಯ ಗಣಿಗಳಿಗೆ ಕಬ್ಬಿಣ, ಮ್ಯಾಂಗನೀಸ್ ಕೊಟ್ಟ ಬೆಟ್ಟಸಾಲು ಅದಕ್ಕಿಂತ ಕೊಂಚ ಎಳೆಯದು. ಅವುಗಳ ಮುಂದೆ ಮಲ್ಪೆಯ ಕಂಬಗಳು ನಿನ್ನೆ ಮೊನ್ನೆಯವು.

ಕಲ್ಲು ಹುಟ್ಟಿದ್ದು ಒಂದು ಕಥೆ, ಅದು ದ್ವೀಪವಾಗಿ ಉಳಿದದ್ದು ಇನ್ನೊಂದು. ದ್ವೀಪದ ಬಂಡೆಯನ್ನು ಪಕ್ಕದಿಂದ ನೋಡಿದರೆ ಮೆಟ್ಟಿಲುಗಳು ಕಾಣುತ್ತವೆ: ನೆತ್ತಿಯ ಕೆಳಗೆ 6 ಮೀಟರ್ ಎತ್ತರದಲ್ಲಿ ಒಂದು ಜಗಲಿ, 3 ಮೀಟರಿನಲ್ಲಿ ಒಂದು, ಒಂದೂವರೆ ಮೀಟರಿನಲ್ಲಿ ಒಂದು, ಕೊನೆಗೆ ಈಗಿನ ನೀರಿನ ಮಟ್ಟದಲ್ಲಿ ಒಂದು. ಇವೆಲ್ಲ ತೆರೆಗಳು ಕೊರೆದವು. ಬೇರೆ ಬೇರೆ ಕಾಲದಲ್ಲಿ ಸಮುದ್ರ ನೆಲಕ್ಕೆ ಹೋಲಿಸಿದರೆ ಈಗಿನದಕ್ಕಿಂತ ಮೇಲೆ ನಿಂತಿತ್ತು, ನಿಂತಲ್ಲೆಲ್ಲ ಬಂಡೆ ಸವೆಸಿ ಗುರುತು ಬಿಟ್ಟು ಹಂತಹಂತವಾಗಿ ಇಳಿಯಿತು. ಸವೆತಕ್ಕೆ ಕಂಬಗಳ ನಡುವಿನ ಸಂದುಗಳೇ ಅನುಕೂಲ. ತೆರೆಯ ನೀರು ಸಂದಿಗೆ ನುಗ್ಗಿ ಒಂದೊಂದೇ ಕಂಬವನ್ನು ಸಡಿಲಿಸಿ ಕೆಡವುತ್ತದೆ. ದ್ವೀಪವನ್ನು ಚೆಂದ ಮಾಡಿದ ಬಿರುಕೇ ಅದನ್ನು ತಿನ್ನುತ್ತಲೂ ಇದೆ.

ಮರಳಿನ ದಂಡೆ ಹುಡುಕಿಕೊಂಡು ಹೋದವರಿಗೆ ನಿರಾಸೆ. ಪಶ್ಚಿಮದ ಕಡೆ ಬಿಳಿಯ ದಂಡೆಯೊಂದಿದೆ, ಆದರೆ ಅದು ಹೆಚ್ಚಿನಂಶ ಚಿಪ್ಪು. ಬಗೆಬಗೆಯ ಕಪ್ಪೆಚಿಪ್ಪು, ಶಂಖದ ಚೂರು, ತೆರೆ ಅರೆದು ನುಣ್ಣಗೆ ಮಾಡಿದವು. ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ. ನೀರಿನಂಚಿನ ಬಂಡೆಗಳಿಗೆ ಪಚ್ಚಿಲೆ ಕಚ್ಚಿಕೊಂಡಿರುತ್ತದೆ. ಮೇಲೆ ಗರುಡ ಸುತ್ತುತ್ತದೆ, ಬೆಳ್ಳಕ್ಕಿ ಬಂಡೆಯ ತುದಿಯಲ್ಲಿ ನಿಂತಿರುತ್ತದೆ, ಚಳಿಗಾಲದಲ್ಲಿ ಕಡಲಕ್ಕಿಗಳು ದೂರದಿಂದ ಬರುತ್ತವೆ. ಜೂನ್ ಬಂದಿತೆಂದರೆ ಮಳೆಗಾಲ ಮುಗಿಯುವವರೆಗೆ ದೋಣಿ ಬಂದ್. ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಆಗ ದ್ವೀಪ ಮಳೆಗೂ ಹಕ್ಕಿಗೂ ಬಿಟ್ಟದ್ದು. ಉಡುಪಿ ಸೀಮೆಗೆ ವರ್ಷಕ್ಕೆ ಬೀಳುವ 4,000 ಮಿಲಿಮೀಟರ್ ಮಳೆಯ ಬಹುಪಾಲು ಮಳೆಗಾಲದ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ತಿಪಟೂರಿಗೆ ಬೀಳುವುದು ಅದರ ಆರನೇ ಒಂದು ಪಾಲು.

ಮನುಷ್ಯರ ಲೆಕ್ಕಕ್ಕೆ ಬಂದರೆ ಮೊದಲ ಹಕ್ಕು ಇಲ್ಲಿನ ಮೀನುಗಾರರಾದ ಮೊಗವೀರರದು. ಅವರಿಗೆ ಈ ಬಂಡೆಗಳು ನೋಡುವ ಜಾಗವಲ್ಲ, ಗುರುತಿನ ಜಾಗ. ದೋಣಿ ಎಲ್ಲಿದೆ, ಬಂದರಿನ ಬಾಯಿ ಎತ್ತ ಎಂಬುದಕ್ಕೆ ಆಧಾರ. ಮಲ್ಪೆಯ ಕಡಲಿನಲ್ಲಿ ಹಡಗು ಸಿಕ್ಕಿಬಿದ್ದ ಕಥೆಯನ್ನಂತೂ ಕನ್ನಡನಾಡಿನಲ್ಲಿ ಕೇಳದವರು ಕಡಿಮೆ. ದ್ವಾರಕೆಯ ಕಡೆಯಿಂದ ಬಂದ ಹಡಗು ಬಿರುಗಾಳಿಗೆ ಸಿಕ್ಕಿತು, ವಡಭಾಂಡೇಶ್ವರದ ದಂಡೆಯಲ್ಲಿದ್ದ ಮಧ್ವಾಚಾರ್ಯರು ಅದನ್ನು ಪಾರು ಮಾಡಿದರು, ಪ್ರತಿಫಲವಾಗಿ ಹಡಗಿನ ಭಾರಕ್ಕೆಂದು ಇಟ್ಟಿದ್ದ ಗೋಪೀಚಂದನದ ಗಡ್ಡೆ ಪಡೆದರು, ಅದರೊಳಗೆ ಕೃಷ್ಣನಿದ್ದ ಎಂಬುದು ಉಡುಪಿ ಮಠದ ಸ್ಥಾಪನೆಯ ಐತಿಹ್ಯ. ಕಾಲ 13ನೇ ಶತಮಾನ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಗುಜರಾತಿನ ಹಡಗು ಮಲ್ಪೆಯ ಮುಂದೆ ಹಾಯುತ್ತಿತ್ತು, ಈ ಬಂಡೆಗಳ ಹತ್ತಿರ ಬಿರುಗಾಳಿಗೆ ಸಿಕ್ಕರೆ ಉಳಿಯುವುದು ಕಷ್ಟ ಎಂಬ ಎರಡು ವಿಷಯಗಳನ್ನು ಆ ಕಥೆ ಸಹಜವೆಂಬಂತೆ ಹೇಳಿಬಿಡುತ್ತದೆ.

ಸೇಂಟ್ ಮೇರಿ ಎಂಬ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ. ಪೋರ್ಚುಗಲ್‌ನಿಂದ ಕೇರಳಕ್ಕೆ ಹೋಗುವ ದಾರಿಯಲ್ಲಿ ಅವನು ಇಲ್ಲಿ ಇಳಿದ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಅವನ ಹಡಗಿನಲ್ಲಿದ್ದವನೊಬ್ಬ ಬರೆದ ದಿನಚರಿ ಉಳಿದಿದೆ, ಅದು ಬೇರೆ ಹೇಳುತ್ತದೆ. ಗಾಮ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ; ಅಲ್ಲಿನ ದೊರೆ ಸಾಮೂದಿರಿಯೊಡನೆ ಹೊಂದಾಣಿಕೆ ಕೆಟ್ಟು ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟ; ದಂಡೆ ಹಿಡಿದು ಉತ್ತರಕ್ಕೆ ಬರುತ್ತ ಸೆಪ್ಟೆಂಬರ್ 15ರಂದು, ದಂಡೆಯಿಂದ ಸ್ವಲ್ಪ ದೂರದ ಈ ಕಿರುದ್ವೀಪಗಳ ಹತ್ತಿರ ನಿಂತ. ಅಂದರೆ ಇದು ಬರುವಾಗಿನದಲ್ಲ, ಬರಿಗೈಯಲ್ಲಿ ಅಲ್ಲದಿದ್ದರೂ ಮುಖ ಸಣ್ಣ ಮಾಡಿಕೊಂಡು ವಾಪಸ್ ಹೋಗುವಾಗಿನ ಮಾತು.

ಪೋರ್ಚುಗಲ್ಲಿನ ದೊರೆ ಹೊರಡುವಾಗ ಮೂರು ಕಲ್ಲುಕಂಬ ಕೊಟ್ಟಿದ್ದ. ನೆಟ್ಟಲ್ಲಿ ತಾವು ಬಂದಿದ್ದೆವೆಂಬ ಗುರುತು. ಸಂತ ರಾಫೆಲನ ಹೆಸರಿನದನ್ನು ಆಫ್ರಿಕಾದ ಪೂರ್ವ ದಂಡೆಯಲ್ಲಿ ನೆಟ್ಟಾಗಿತ್ತು, ಸಂತ ಗೇಬ್ರಿಯಲನದು ಕಲ್ಲಿಕೋಟೆಯಲ್ಲಿ ಖರ್ಚಾಯಿತು. ಉಳಿದಿದ್ದ ಸಂತ ಮೇರಿಯದನ್ನು ಈ ಬಂಡೆಯ ಮೇಲೆ ನಿಲ್ಲಿಸಿದರು. ಸುತ್ತಲಿನ ದೋಣಿಗಳಿಂದ ಮೀನುಗಾರರು ಮೀನು ತಂದು ಕೊಟ್ಟರು, ಗಾಮ ಅವರಿಗೆ ಅಂಗಿಗಳನ್ನು ಕೊಟ್ಟ. ಇಲ್ಲಿ ಕಂಬ ನೆಟ್ಟರೆ ನಿಮಗೆ ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ ಅವರು ಸಂತೋಷದಿಂದ ಒಪ್ಪಿದರಂತೆ. ಕಂಬ ನೆಟ್ಟರೆ ನೀವೂ ನಮ್ಮ ಹಾಗೆ ಕ್ರೈಸ್ತರೆಂದು ಖಾತ್ರಿಯಾಗುತ್ತದೆ ಎಂದರಂತೆ. ಕಲ್ಲಿಕೋಟೆಯ ದೇವಸ್ಥಾನವನ್ನು ಇಗರ್ಜಿಯೆಂದು ತಿಳಿದು ಕೈಮುಗಿದು ಬಂದವರ ದಿನಚರಿ ಇದು ಎಂಬುದನ್ನು ಮರೆಯಬಾರದು. ತುಳುವಿನಲ್ಲಿ ಹೇಳಿದ್ದೇನೋ, ಪೋರ್ಚುಗೀಸಿನಲ್ಲಿ ಬರೆದದ್ದೇನೋ. ಮೀನು ಕೊಟ್ಟು ಅಂಗಿ ತೆಗೆದುಕೊಂಡವರಿಗೆ ಬಂಡೆಯ ಮೇಲೊಂದು ಕಲ್ಲು ಹೆಚ್ಚಾದರೆ ಹೋಗುವುದೇನಿತ್ತು? ಕಂಬಗಳಿಂದಲೇ ಆದ ದ್ವೀಪದಲ್ಲಿ ಇನ್ನೊಂದು ಕಂಬ. ಪ್ರಕೃತಿಯ ಕಂಬಗಳು ಉಳಿದವು, ದೊರೆಯ ಕಂಬದ ಗುರುತು ಇಂದಿಲ್ಲ, ಹೆಸರೊಂದು ಉಳಿಯಿತು.

ಗಾಮ ಅಲ್ಲಿಂದ ಕಾರವಾರದ ಬಳಿಯ ಅಂಜದೀವಿ ದ್ವೀಪಕ್ಕೆ ಹೋಗಿ ಹಡಗು ಸರಿಪಡಿಸಿಕೊಂಡು ಅಕ್ಟೋಬರ್ 5ರಂದು ಹೊರಟ. ಬರುವಾಗ ಮುಂಗಾರಿನ ಗಾಳಿ ಹಿಂದಿನಿಂದ ತಳ್ಳಿ, ದಾರಿ ಬಲ್ಲ ಮಾಲುಮಿಯೂ ಜೊತೆಗಿದ್ದು, ಆಫ್ರಿಕಾದಿಂದ ಭಾರತಕ್ಕೆ ತಿಂಗಳೊಳಗೆ ಬಂದಿದ್ದವರು ಹೋಗುವಾಗ ಗಾಳಿ ತಿರುಗುವ ಮುಂಚೆಯೇ ಹೊರಟು ಸುಮಾರು ಮೂರು ತಿಂಗಳು ನೀರಿನ ಮೇಲೆ ಒದ್ದಾಡಿದರು. ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ 30 ಜನ ಸತ್ತರು. ಮಲ್ಪೆಯ ಯಾವ ಮೀನುಗಾರನನ್ನು ಕೇಳಿದ್ದರೂ ಗಾಳಿಯ ಲೆಕ್ಕ ಹೇಳುತ್ತಿದ್ದ.

ದಕ್ಷಿಣದ ದರಿಯಾ ಬಹಾದ್ದೂರ್‌ಗಡದಲ್ಲಿ ಬಿದನೂರಿನ ಬಸವಪ್ಪ ನಾಯಕ ಕಟ್ಟಿಸಿದನೆಂದು ಹೇಳುವ ಕೋಟೆಯ ಅವಶೇಷವಿದೆ. ಮಲೆನಾಡಿನ ಅರಸರಿಗೆ ಅಕ್ಕಿ, ಮೆಣಸು ಸಾಗಿಸುವ ಬಂದರುಗಳು ಜೀವನಾಡಿ. ಬಂದರಿನ ಬಾಯಲ್ಲಿ ಒಂದು ಕಾವಲು ಬೇಕಿತ್ತು. ಆಮೇಲೆ ಹೈದರ್, ಟಿಪ್ಪು, ಕಂಪನಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗೆದ್ದ ನೆಲದಲ್ಲಿ ಏನೇನಿದೆ ಎಂದು ನೋಡಿ ಬರೆಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ನಮ್ಮ ಚಿಕ್ಕನಾಯಕನಹಳ್ಳಿ, ತುರುವೇಕೆರೆ ಸೀಮೆಯನ್ನೂ ಹಾದು, 1801ರಲ್ಲಿ ಉಡುಪಿಯ ದಂಡೆಯನ್ನೂ ಹಾದ. ತೋಟ ಹೇಗೆ ಮಾಡುತ್ತಾರೆ, ಕಾಯಿ ಎಲ್ಲಿಗೆ ಹೋಗುತ್ತದೆ ಎಂದು ಎರಡೂ ಕಡೆ ಕೇಳಿ ಬರೆದುಕೊಂಡ. ಒಂದೇ ಮರ, ಎರಡು ಲೋಕ ಎಂಬುದು ಅವನ ಪುಸ್ತಕ ಓದಿದರೆ ಮನಸ್ಸಿಗೆ ಬರುತ್ತದೆ.

ಈ ಎರಡು ಲೋಕದ ಮಾತು ಈಗಲೂ ನಿಜ. ಕರಾವಳಿಯಲ್ಲಿ ಗಾಳಿಯಲ್ಲೇ ನೀರಿರುವುದರಿಂದ ಕಾಯಿ ಒಡೆದು ಬಿಸಿಲಿಗೋ ಹೊಗೆಗೋ ಒಣಗಿಸಿ ಎಣ್ಣೆಗೆ ಕಳಿಸುತ್ತಾರೆ. ನಮ್ಮಲ್ಲಿ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಒಣ ಹವೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡುತ್ತದೆ. ಆ ಉಂಡೆ ಕೊಬ್ಬರಿಯ ಮೇಲೆಯೇ ತಿಪಟೂರಿನ ಮಾರುಕಟ್ಟೆ ನಿಂತಿರುವುದು. ಹಾಗಿದ್ದೂ ಮರ ತನ್ನ ಕಡಲನ್ನು ಪೂರ್ತಿ ಮರೆತಿಲ್ಲ. ಸಸಿ ನೆಡುವಾಗ ಗುಂಡಿಗೆ ಉಪ್ಪು ಸುರಿಯುವ ಹಿರಿಯರ ರೂಢಿಯನ್ನು ಓದಿದವರು ನಗುತ್ತಿದ್ದರು. ಬೇರೆ ಬೆಳೆಗೆ ವಿಷವಾಗುವ ಕ್ಲೋರಿನ್ ತೆಂಗಿಗೆ ಗೊಬ್ಬರದಷ್ಟೇ ಅಗತ್ಯ ಎಂದು ಫಿಲಿಪೈನ್ಸಿನ ಪ್ರಯೋಗಗಳು 1970ರ ದಶಕದ ಆರಂಭದಲ್ಲಿ ತೋರಿಸಿದ ಮೇಲೆ ನಗು ನಿಂತಿತು. ಮಲ್ಪೆಯ ಬಂಡೆಯ ಮೇಲಿನ ಮರಕ್ಕೆ ಆ ಕೊರತೆಯಿಲ್ಲ. ಸೋಗೆಗೆಲ್ಲ ಉಪ್ಪುಗಾಳಿ, ಬುಡದಲ್ಲಿ ಚಿಪ್ಪಿನ ಪುಡಿ, ಕಂಬಗಳ ಸಂದಿಯಲ್ಲಿ ಮಳೆನೀರು.

ಇನ್ನು ಆ ತೆಂಗು ಬಂದದ್ದು ಹೇಗೆ? ತೇಲಿಕೊಂಡು ಎಂದು ಹೇಳುವುದು ಸುಲಭ. ಹವಾಯಿಯಲ್ಲಿ 1941ರಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ 110 ದಿನ ಉಪ್ಪುನೀರಿನಲ್ಲಿ ತೇಲಿದ ಕಾಯಿಯೂ ಮೊಳೆತಿದೆ. ಆದರೆ ತೇಲಲು ತಯಾರಾದ ಕಾಡುತೆಂಗಿನ ಕಾಯಿ ಉದ್ದ, ಮೂಲೆಮೂಲೆ, ಸಿಪ್ಪೆಯೇ ಹೆಚ್ಚು, ಮೊಳೆಯುವುದು ನಿಧಾನ. ಮನುಷ್ಯ ಆರಿಸಿ ಆರಿಸಿ ನೆಟ್ಟದ್ದು ದುಂಡಗಿನ, ನೀರು ತಿರುಳು ತುಂಬಿದ ಕಾಯಿ; ಬೇಗ ಮೊಳೆಯುತ್ತದೆ. ಅದೂ ಅಲ್ಲದೆ ಮಲ್ಪೆಯಂಥ ಕಡೆ ತೇಲಿಬಂದ ಕಾಯಿ ದಂಡೆ ಮುಟ್ಟುವ ಮೊದಲೇ ಯಾರದೋ ದೋಣಿ ಸೇರಿರುತ್ತದೆ. ನನ್ನ ಅನುಮಾನವೆಲ್ಲ ಮನುಷ್ಯನ ಕೈಯ ಮೇಲೆಯೇ.

ಈ ಅನುಮಾನಕ್ಕೆ ಜಗತ್ತಿನ ತೆಂಗಿನ ಇತಿಹಾಸವೂ ಬೆಂಬಲ ಕೊಡುತ್ತದೆ. ಬೀ ಗನ್, ಲುಕ್ ಬೋದುವಾಂ, ಕೆನೆತ್ ಓಲ್ಸನ್ ಎಂಬ ವಿಜ್ಞಾನಿಗಳು ಲೋಕದ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗುಗಳ ಡಿಎನ್‌ಎ ಹೋಲಿಸಿ 2011ರಲ್ಲಿ ಪ್ರಕಟಿಸಿದ ಪ್ರಕಾರ ತೆಂಗಿಗೆ ಎರಡೇ ದೊಡ್ಡ ಮನೆತನ. ಒಂದು ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ ಪಳಗಿದ ಪೆಸಿಫಿಕ್ ತೆಂಗು. ಇನ್ನೊಂದು ದಕ್ಷಿಣ ಭಾರತ, ಶ್ರೀಲಂಕಾ, ಲಕ್ಷದ್ವೀಪ, ಮಾಲ್ಡೀವ್ಸ್ ಸುತ್ತಿನಲ್ಲಿ ಪಳಗಿದ ನಮ್ಮ ತೆಂಗು. ತಿಪಟೂರು ಟಾಲ್ ಎಂಬ ತಳಿ ಈ ಬಳಗದ್ದು. ಸಾವಿರಾರು ವರ್ಷ ಎರಡೂ ತಮ್ಮ ಪಾಡಿಗೆ ತಾವಿದ್ದರೂ ಎರಡೂ ಬೆರೆತಿರುವ ಮುಖ್ಯ ಜಾಗವೊಂದು ಎದ್ದು ಕಾಣಿಸಿತು: ಮಡಗಾಸ್ಕರ್ ಮತ್ತು ಅದರ ಪಕ್ಕದ ಕೊಮೊರೊಸ್. ಬೋರ್ನಿಯೊ ಕಡೆಯಿಂದ ದೋಣಿಯಲ್ಲಿ ಹೊರಟು ಮಡಗಾಸ್ಕರಿನಲ್ಲಿ ನೆಲೆನಿಂತ ಜನ ಪೆಸಿಫಿಕ್ ಕಾಯಿ ತಂದರು, ಹಿಂದೂ ಮಹಾಸಾಗರದ ವ್ಯಾಪಾರಿಗಳ ಕೈಯಲ್ಲಿ ನಮ್ಮದು ಹೋಗಿ ಸೇರಿತು. ಒಂಬತ್ತು ಕೋಟಿ ವರ್ಷದ ಹಿಂದೆ ನೆಲ ಸೀಳಿ ಬೇರೆಯಾದ ಎರಡು ದಂಡೆಗಳಲ್ಲಿ ಇವತ್ತು ಒಂದೇ ಬಳಗದ ಮರ ನಿಂತಿದೆಯೆಂದರೆ ಅದು ದೋಣಿಯವರ ಕೆಲಸ.

ಅಟ್ಲಾಂಟಿಕ್ ಕಡೆ ಕಥೆ ಇನ್ನೂ ನಿಚ್ಚಳ. ಗಾಮನ ಪ್ರಯಾಣಕ್ಕೆ ಮುಂಚೆ ಆಫ್ರಿಕಾದ ಪಶ್ಚಿಮ ದಂಡೆಯಲ್ಲಾಗಲಿ ಕೆರಿಬಿಯನ್ನಿನಲ್ಲಾಗಲಿ ತೆಂಗಿರಲಿಲ್ಲ. ಆಫ್ರಿಕಾದ ತುದಿ ಸುತ್ತುವ ದಾರಿ ತೆರೆದ ಮೇಲೆ ಪೋರ್ಚುಗೀಸರು ಹಿಂದೂ ಮಹಾಸಾಗರದ ಕಾಯಿಯನ್ನು ಕೇಪ್ ವರ್ಡೆ ದ್ವೀಪಗಳಿಗೆ ಒಯ್ದರು. 16ನೇ ಶತಮಾನದ ನಡುವಿನ ಹೊತ್ತಿಗೆ ಅಲ್ಲಿಂದ ಪೋರ್ಟೊ ರಿಕೊ, ಬ್ರೆಜಿಲ್ ಮುಟ್ಟಿತು. ಸಿನಿಮಾಗಳಲ್ಲಿ ಕೆರಿಬಿಯನ್ ದಂಡೆಯ ಗುರುತಾಗಿ ಕಾಣುವ ಆ ಬಾಗಿದ ತೆಂಗಿನಮರ ಹೀಗೆ ನಮ್ಮ ತೋಟದ ದೂರದ ನೆಂಟ. ಪನಾಮಾದ ಪೆಸಿಫಿಕ್ ದಂಡೆಯಲ್ಲಿರುವುದು ಮಾತ್ರ ಬೇರೆ ಮನೆತನದ್ದು.

ಮಲ್ಪೆಯ ದ್ವೀಪಕ್ಕೆ ಈಗ ಕಾಟ ಕೊಡುವುದು ದೊರೆಗಳ ಹಡಗಲ್ಲ, ರಜಾದಿನದ ಜನ. ಒಡೆದ ಬಾಟಲಿ, ಪ್ಲಾಸ್ಟಿಕ್, ಕಂಬದ ಮೇಲೆ ಹೆಸರು ಕೆತ್ತುವ ಚಪಲ. ಪಾಚಿ ಹಿಡಿದ ಬಂಡೆಯಿಂದ ಜಾರಿ, ಈಜಲು ಇಳಿದು ಸತ್ತವರಿದ್ದಾರೆ. ಕಾವಲಿಗೆ ಜನ, ಈಜಿಗೆ ನಿಷೇಧ ಬಂದದ್ದು ಆಮೇಲೆ. ಸ್ಮಾರಕವೆಂಬ ಘೋಷಣೆಗೆ ಹಲ್ಲಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಹಂಪಿಯ ಕಂಬಕ್ಕೆ ಪುರಾತತ್ವದ ಕಾಯ್ದೆಯಿದೆ, ಪ್ರಕೃತಿಯ ಕಂಬಕ್ಕೆ ಅಂಥದ್ದಿಲ್ಲ. ಭೂಪರಂಪರೆಯ ತಾಣಗಳಿಗೆಂದೇ ಒಂದು ಮಸೂದೆಯ ಕರಡನ್ನು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಹೊರಡಿಸಿ ಅಭಿಪ್ರಾಯ ಕೇಳಿತು. 2025ರಲ್ಲಿ ಈ ದ್ವೀಪಗಳ ಗುಂಪು ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಪಟ್ಟಿ ಸೇರಿದರೆ ಜನ ಇನ್ನೂ ಹೆಚ್ಚುತ್ತಾರೆ, ಕಾಯ್ದೆ ಬರುವವರೆಗೆ ಅದು ಲಾಭವೋ ನಷ್ಟವೋ ಎಂಬ ಸಂಶಯ ನನಗಂತೂ ಇದೆ.

ಮತ್ತೆ ತೆಂಗಿನ ಮಾತಿಗೆ ಬಂದರೆ, ಕಾಯಿ ಅಮೆರಿಕಕ್ಕೆ ಹೋದ ದಾರಿಯಲ್ಲಿ ವಾಪಸ್ ಬಂದದ್ದೂ ಒಂದಿದೆ, ಅದನ್ನು ನಮ್ಮ ಸೀಮೆಯ ತೋಟದವರಿಗೆ ವಿವರಿಸಬೇಕಾಗಿಲ್ಲ. ಹರಳಿನ ತೊಟ್ಟಿನ ಕೆಳಗೆ ಕಣ್ಣಿಗೆ ಕಾಣದ ಜೀವಿ ಸೇರಿ ರಸ ಹೀರುತ್ತದೆ. ಕಾಯಿ ಬೆಳೆದಂತೆ ಮೈಮೇಲೆ ಕಂದು ಬಿರುಕು, ಗಾತ್ರ ಅರ್ಧ, ಸುಲಿಯುವುದು ಕಷ್ಟ. ನುಸಿ. ವಿಜ್ಞಾನಿಗಳು ಅದನ್ನು 1965ರಲ್ಲಿ ಮೊದಲು ವರ್ಣಿಸಿದ್ದು ಮೆಕ್ಸಿಕೊದ ಗೆರೆರೊ ಪ್ರಾಂತ್ಯದ ಮಾದರಿಯಿಂದ. ಅದರ ತವರು ಅಮೆರಿಕ ಖಂಡವೇ, ತೆಂಗು ಅಲ್ಲಿಗೆ ಹೋದ ಮೇಲೆ ಬೇರಾವುದೋ ಗಿಡದಿಂದ ತೆಂಗಿಗೆ ಹಾರಿರಬೇಕು ಎಂಬುದು 2005ರ ಡಿಎನ್‌ಎ ಅಧ್ಯಯನದ ತೀರ್ಮಾನ. ಆಫ್ರಿಕಾದಲ್ಲೂ ಕಾಣಿಸಿಕೊಂಡ ಆ ನುಸಿ 1998ರಲ್ಲಿ ಕೇರಳದಲ್ಲಿ ಪತ್ತೆಯಾಯಿತು, ಸ್ವಲ್ಪ ಕಾಲದಲ್ಲೇ ಘಟ್ಟ ಹತ್ತಿ ತಿಪಟೂರು, ತುರುವೇಕೆರೆಯ ತೋಟಗಳಿಗೆ ಬಂತು. ಅಟ್ಟಕ್ಕೆ ಹಾಕುವ ಕಾಯಿ ಆರಿಸುವಾಗ ನುಸಿ ಹೊಡೆದವನ್ನು ಬೇರೆ ರಾಶಿ ಮಾಡುವ ಕೆಲಸ ಅಂದಿನಿಂದ ಹೊಸದಾಗಿ ಸೇರಿಕೊಂಡಿದೆ.